ಉಸಿರು ಬಂತು, ಕಾಲು ಬರಲಿಲ್ಲ: ಜ್ವರದ ನಂತರ 21 ಕಿಲೋಮೀಟರ್

ನಮ್ಮ ಅಡುಗೆಕೋಣೆಯ ಗೋಡೆಯಲ್ಲಿ ಒಂದು ಸೊಸೈಟಿ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ನಾನು ಓಡಿದ ಕಿಲೋಮೀಟರ್ ಎಲ್ಲವೂ ಅದರಲ್ಲೇ. ಜೂನ್, ಜುಲೈ ಪುಟಗಳಲ್ಲಿ ನನ್ನ ನೀಲಿ ಪೆನ್ನು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕಾಣುತ್ತದೆ. ಮಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ 3,500 ಮಿ.ಮೀ. ದಾಟುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ. ಒದ್ದೆ ಶೂ ಒಣಗಬೇಕಾದರೆ ಫ್ರಿಜ್ ಹಿಂದೆ ಎರಡು ದಿನ ಇಡಬೇಕು. ಆಗಸ್ಟ್ ಪರವಾಗಿಲ್ಲ, ತಣ್ಣೀರುಬಾವಿ ಕಡೆ ಹೋಗಿ ಒಂದು ಭಾನುವಾರ 14 ಅಂತ ಬರೆದಿದ್ದೇನೆ. ಸೆಪ್ಟೆಂಬರ್ 6ರಿಂದ ಪುಟ ಖಾಲಿ. ನಡುವೆ ಒಂದೇ ಒಂದು ಬರಹ, ಅದೂ ಹೆಂಡತಿಯ ಅಕ್ಷರ: ‘ಪ್ಲೇಟ್‌ಲೆಟ್ 62,000’.

ಡೆಂಗಿ. ನಮ್ಮ ಕಡೆ ಮಳೆಗಾಲ ಅಂದರೆ ಯಾರಾದರೂ ಒಬ್ಬರಿಗೆ ಬರುವುದೇ. ಈ ಸಲ ನನ್ನ ಸರದಿ. ಅಕ್ಕಪಕ್ಕದವರು ಪಪ್ಪಾಯಿ ಎಲೆ ತಂದುಕೊಟ್ಟರು, ಡಾಕ್ಟರ್ ಪ್ಯಾರಸಿಟಮಾಲ್ ಮತ್ತು ನೀರು ಅಂದರು. 26 ದಿನ ಶೂ ಮುಟ್ಟಲಿಲ್ಲ. ನವೆಂಬರ್ ಎರಡನೇ ಭಾನುವಾರ ಹಾಫ್ ಮ್ಯಾರಥಾನ್. ದುಡ್ಡು ಕಟ್ಟಿ ಆಗಿದೆ, ಟೀ-ಶರ್ಟ್ ಸೈಜೂ ಕೊಟ್ಟಾಗಿದೆ. ಕೈಯಲ್ಲಿ ಉಳಿದದ್ದು ಐದು ವಾರ ಚಿಲ್ಲರೆ.

ಕರಾವಳಿಯಲ್ಲಿ ಓಡುವವರಿಗೆ ಇದೇನು ಹೊಸತಲ್ಲ. ಮಂಗಳೂರಿನ ಓಟ ನವೆಂಬರ್ ಹೊತ್ತಿಗೆ, ಮಣಿಪಾಲದ್ದು ಫೆಬ್ರವರಿ ಹೊತ್ತಿಗೆ. ನವೆಂಬರ್ ಓಟಕ್ಕೆ ತಯಾರಿ ನಡೆಯಬೇಕಾದ್ದು ಸರಿಯಾಗಿ ಮಳೆ, ಜ್ವರ, ಅಷ್ಟಮಿ, ಚೌತಿ, ದಸರಾಗಳ ನಡುವೆ. ಫೆಬ್ರವರಿ ಓಟದ ತಯಾರಿಗೆ ಮದುವೆ, ನೇಮ, ರಾತ್ರಿಯಿಡೀ ಯಕ್ಷಗಾನ ಅಡ್ಡ. ತರಬೇತಿ ಪೂರ್ತಿ ಆಗಿ ಓಡಿದವರಿಗಿಂತ ಅರ್ಧಂಬರ್ಧ ಆಗಿ ಓಡಿದವರೇ ಇಲ್ಲಿ ಜಾಸ್ತಿ. ಆದರೆ ಪುಸ್ತಕದ ಪ್ಲಾನುಗಳೆಲ್ಲ 12 ವಾರ, 16 ವಾರ ಅಂತ ಸಲೀಸಾಗಿ ಸಾಗುತ್ತವೆ. ಮಧ್ಯದಲ್ಲಿ ತುಂಡಾದರೆ ಏನು ಮಾಡಬೇಕು ಅಂತ ಹೇಳುವುದಿಲ್ಲ.

ನಮ್ಮ ಬೆಳಗಿನ ಗುಂಪಿನಲ್ಲಿ ಒಬ್ಬರು ನಿವೃತ್ತ ಪಿ.ಟಿ. ಮಾಸ್ಟ್ರು ಇದ್ದಾರೆ. ಅವರಿಗೆ ಫೋನ್ ಮಾಡಿ, ಆಗುತ್ತದಾ ಅಂತ ಕೇಳಿದೆ. ‘ಉಸಿರು ಬರ್ತದೆ ಮಾರಾಯ. ಕಾಲನ್ನು ಕೇಳು’ ಅಂದು ಇಟ್ಟುಬಿಟ್ಟರು. ಆ ಮಾತಿನ ಅರ್ಥ ಬಿಡಿಸಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಈ ಬರಹವೆಲ್ಲ ಅದರ ಬಗ್ಗೆಯೇ.

ಬಾವಿ ಇಳಿದಿದೆ, ಪೈಪು ಹಾಗೇ ಇದೆ

ಗಾಂಧಿ ಜಯಂತಿಯ ರಜೆ. ಬಿಜೈಯಿಂದ ಕದ್ರಿ ಕಡೆಗೆ ಮೂರೇ ಕಿಲೋಮೀಟರ್. ಕಿ.ಮೀ.ಗೆ 7 ನಿಮಿಷದ ಹಗುರ ಓಟ, ಮೊದಲಾದರೆ ಮಾತಾಡುತ್ತಾ ಓಡುತ್ತಿದ್ದ ವೇಗ. ಆ ವೇಗಕ್ಕೆ ನನ್ನ ಎದೆಬಡಿತ 145ರ ಆಸುಪಾಸು ಇರುತ್ತಿತ್ತು. ಅವತ್ತು ವಾಚು ತೋರಿಸಿದ್ದು 171. ಕದ್ರಿ ಪಾರ್ಕಿನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತೆ. ಎರಡು ವರ್ಷ ಓಡಿದ್ದೆಲ್ಲ ನೀರಿನಲ್ಲಿ ಹೋಮ ಅಂತ ಅನಿಸಿತು.

ಹಾಗೆ ಅನಿಸುವುದು ಸಹಜ. ಆದರೆ ಅದು ತಪ್ಪು ಲೆಕ್ಕ. ಯಾಕೆ ಅಂತ ನೋಡೋಣ.

ಒಂದು ಅಡಿಕೆ ತೋಟ ನೆನಪು ಮಾಡಿಕೊಳ್ಳಿ. ಬಾವಿ ಇದೆ, ಪಂಪು ಇದೆ, ತೋಟದ ತುಂಬ ಪೈಪು ಎಳೆದು ಸ್ಪ್ರಿಂಕ್ಲರ್ ಇಟ್ಟಿದ್ದಾರೆ, ಕೊನೆಗೆ ನೀರು ಕುಡಿಯುವ ಬೇರುಗಳಿವೆ. ಓಡುವವನ ದೇಹದಲ್ಲಿ ಬಾವಿ ಅಂದರೆ ರಕ್ತ, ಪಂಪು ಅಂದರೆ ಹೃದಯ, ಪೈಪು ಅಂದರೆ ಸ್ನಾಯುವಿನೊಳಗಿನ ಕೂದಲೆಳೆಯ ರಕ್ತನಾಳಗಳು. ಬೇರು ಅಂದರೆ ಸ್ನಾಯುಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾಗಳು. ತಿಂಗಳುಗಟ್ಟಲೆ ಓಡಿದರೆ ಈ ನಾಲ್ಕೂ ಬೆಳೆಯುತ್ತವೆ. ನಿಲ್ಲಿಸಿದಾಗ ನಾಲ್ಕೂ ಒಟ್ಟಿಗೆ ಕುಸಿಯುವುದಿಲ್ಲ, ಒಂದೊಂದರದ್ದು ಒಂದೊಂದು ವೇಗ.

ಮೊದಲು ಇಳಿಯುವುದು ಬಾವಿ. ಓಡುವವರಲ್ಲಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಬೇರೆಯವರಿಗಿಂತ ಜಾಸ್ತಿ ಇರುತ್ತದೆ. ಓಟ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಅದು ಇಳಿಯತೊಡಗುತ್ತದೆ. ಬಾವಿ ಇಳಿದರೆ ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತವೂ ಕಡಿಮೆ. ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕು. ನನ್ನ 171ರ ಗುಟ್ಟು ಹೆಚ್ಚಾಗಿ ಇಷ್ಟೇ.

ಇದನ್ನು ಚಂದವಾಗಿ ತೋರಿಸಿಕೊಟ್ಟವರು ಅಮೆರಿಕದ ಟೆಕ್ಸಾಸ್‌ನ ಎಡ್ವರ್ಡ್ ಕಾಯ್ಲ್ ಮತ್ತು ಅವರ ಸಂಗಡಿಗರು. 1986ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ಚೆನ್ನಾಗಿ ಪಳಗಿದ ಗಂಡಸರು ಎರಡರಿಂದ ನಾಲ್ಕು ವಾರ ವ್ಯಾಯಾಮ ಬಿಟ್ಟರು. ರಕ್ತದ ಪ್ರಮಾಣ ಸುಮಾರು 9% ಇಳಿಯಿತು. ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಮಿತಿ ಸುಮಾರು 6% ಇಳಿಯಿತು. ಆಮೇಲೆ ನರದ ಮೂಲಕ ದ್ರವ ಕೊಟ್ಟು ರಕ್ತದ ಪ್ರಮಾಣವನ್ನು ಮೇಲೆತ್ತಿದರು. ಒಂದು ದಿನವೂ ಓಡದೆ, ಅವರ ಮಿತಿ ಹಳೆಯ ಮಟ್ಟದ ಹತ್ತಿರಕ್ಕೆ ಬಂದುಬಿಟ್ಟಿತು! ಬಾವಿಗೆ ನೀರು ತುಂಬಿದರು, ಪಂಪು ತನ್ನಷ್ಟಕ್ಕೆ ಸರಿಯಾಯಿತು. (ಹಾಗಂತ ಓಟದ ಹಿಂದಿನ ದಿನ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಏರಿಸಿಕೊಳ್ಳಬೇಡಿ. ನಮ್ಮವರಿಗೆ ಅದೊಂದು ಚಟ.)

ಪೈಪುಗಳ ಕಥೆ ಇನ್ನೂ ಒಳ್ಳೆಯದು. ಅದೇ ಕಾಯ್ಲ್ ಅವರ 1984ರ ಅಧ್ಯಯನದಲ್ಲಿ ಏಳು ಮಂದಿ 84 ದಿನ ಏನೂ ಮಾಡದೆ ಕೂತರು. ಮೊದಲ 21 ದಿನಕ್ಕೆ ಮಿತಿ 7% ಇಳಿಯಿತು, 56 ದಿನದ ಹೊತ್ತಿಗೆ ಒಟ್ಟು 16%ಕ್ಕೆ ಬಂದು ನಿಂತಿತು. ಮೈಟೋಕಾಂಡ್ರಿಯಾದ ಚುರುಕು ಕಡಿಮೆಯಾಯಿತು, ಆದರೆ ಎಂದೂ ವ್ಯಾಯಾಮ ಮಾಡದವರ ಮಟ್ಟಕ್ಕೆ ಬೀಳಲಿಲ್ಲ. ಸಣ್ಣ ರಕ್ತನಾಳಗಳಂತೂ ಇದ್ದ ಹಾಗೇ ಇದ್ದವು. ಸುಮಾರು ಮೂರು ತಿಂಗಳು ಬಿಟ್ಟರೂ ತೋಟದ ಪೈಪ್‌ಲೈನ್ ಹಾಳಾಗಿರಲಿಲ್ಲ. ಇವರು ವರ್ಷಗಟ್ಟಲೆ ಪಳಗಿದವರು, ನಾವು ನೀವು ಅಷ್ಟಲ್ಲ ಅನ್ನುವುದು ನೆನಪಿರಲಿ. ಎರಡು ತಿಂಗಳ ಹಿಂದೆ ಓಡಲು ಶುರು ಮಾಡಿದವರು ಗಳಿಸಿದ್ದೂ ಕಡಿಮೆ, ಬೇಗ ಕಳೆದುಕೊಳ್ಳುವುದೂ ಸಹಜ.

ಬಾವಿ ಬೇಗ ಇಳಿದ ಹಾಗೇ ಬೇಗ ತುಂಬುತ್ತದೆ. ಮತ್ತೆ ಓಡಲು ಶುರು ಮಾಡಿದ ಒಂದೆರಡು ವಾರದಲ್ಲಿ ಪ್ಲಾಸ್ಮಾ ಏರುತ್ತದೆ. ನನ್ನ ಕ್ಯಾಲೆಂಡರಿನಲ್ಲೂ ಅಕ್ಟೋಬರ್ 16ಕ್ಕೆ ‘7 ನಿಮಿಷ, 154’ ಅಂತ ಇದೆ. ಎರಡೇ ವಾರದಲ್ಲಿ 17 ಬಡಿತ ಕಡಿಮೆ. ಅವತ್ತು ಖುಷಿಯೋ ಖುಷಿ. ಗಂಡಾಂತರ ಶುರುವಾಗುವುದೂ ಆ ಖುಷಿಯಲ್ಲೇ.

ಅದಕ್ಕೆ ಮೊದಲು ಜ್ವರದ ಬಗ್ಗೆ ಒಂದು ಮಾತು. ಮಳೆಗೆ, ಹಬ್ಬಕ್ಕೆ ಓಟ ತಪ್ಪಿದ್ದು ಬೇರೆ, ಕಾಯಿಲೆಗೆ ತಪ್ಪಿದ್ದು ಬೇರೆ. ಹಬ್ಬದಲ್ಲಿ ನಡೆದಾಡುತ್ತೇವೆ, ತಿನ್ನುತ್ತೇವೆ. ಜ್ವರದಲ್ಲಿ ಮಲಗಿರುತ್ತೇವೆ, ಊಟ ಸೇರುವುದಿಲ್ಲ, ಸ್ನಾಯುವೇ ಕರಗುತ್ತದೆ. ಡೆಂಗಿಯ ಸುಸ್ತು ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಕಾಡಬಹುದು. ವೈರಲ್ ಜ್ವರಗಳು ಅಪರೂಪಕ್ಕೆ ಹೃದಯದ ಸ್ನಾಯುವನ್ನೂ ಮುಟ್ಟುತ್ತವೆ, ಆಗ ಓಡುವುದು ನಿಜಕ್ಕೂ ಅಪಾಯ. ಮೈಬಿಸಿ, ಮೈಕೈ ನೋವು ಇರುವಾಗ ಓಟ ಬೇಡವೇ ಬೇಡ. ಎದೆನೋವು, ಸುಮ್ಮನೆ ಕೂತಾಗ ಎದೆ ಡವಗುಟ್ಟುವುದು, ಹಿಂದೆ ಇಲ್ಲದ ಏದುಸಿರು, ತಲೆ ತಿರುಗುವುದು ಕಂಡರೆ ಪ್ಲಾನು ಮಡಚಿಟ್ಟು ಡಾಕ್ಟರ್ ಹತ್ತಿರ ಹೋಗಬೇಕು. ನಾನೂ ಶೂ ಕಟ್ಟುವ ಮೊದಲು ಒಂದು ಇ.ಸಿ.ಜಿ. ಮಾಡಿಸಿ, ಡಾಕ್ಟರ್ ‘ಹ್ಞೂಂ’ ಅಂದ ಮೇಲೇ ಹೊರಟದ್ದು.

ಕಾಲಿನ ಗಡಿಯಾರ ನಿಧಾನ

ಓಡುವಾಗ ನಮಗೆ ಗೊತ್ತಾಗುವುದು ಉಸಿರು. ಏದುಸಿರು ಬಂದರೆ ನಿಲ್ಲುತ್ತೇವೆ, ಬರದಿದ್ದರೆ ಇನ್ನೊಂದು ಕಿಲೋಮೀಟರ್ ಅನ್ನುತ್ತೇವೆ. ಕಾಲಿನೊಳಗೆ ಏನಾಗುತ್ತಿದೆ ಅಂತ ಹೇಳುವ ಮೀಟರು ನಮ್ಮಲ್ಲಿಲ್ಲ. ನೋವು ಬಂದಾಗ ಮಾತ್ರ ಗೊತ್ತು, ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗೆ ಟೆಂಡನ್ ಅನ್ನುತ್ತಾರೆ. ಹಿಮ್ಮಡಿಯ ಮೇಲೆ ಕೈಗೆ ಸಿಗುವ ದಪ್ಪ ಹುರಿ ಇದೆಯಲ್ಲ, ಅದು ದೇಹದ ಅತಿ ದೊಡ್ಡ ಟೆಂಡನ್. ಓಡುವಾಗ ಒಂದೊಂದು ಹೆಜ್ಜೆಗೂ ಅದರ ಮೇಲೆ ದೇಹತೂಕದ ಎಷ್ಟೋ ಪಟ್ಟು ಎಳೆತ ಬೀಳುತ್ತದೆ. ನಿಮಿಷಕ್ಕೆ 165 ಹೆಜ್ಜೆ, ಎರಡೂವರೆ ಗಂಟೆ ಅಂದರೆ 24,000 ದಾಟಿದ ಹೆಜ್ಜೆಗಳು. ಸ್ನಾಯುವಿಗೆ ರಕ್ತ ಧಾರಾಳ, ಬೇಗ ರಿಪೇರಿಯಾಗುತ್ತದೆ. ಟೆಂಡನ್‌ಗೆ ರಕ್ತ ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳು ಬೇಕು.

ಎಲುಬಿನದ್ದು ಇನ್ನೂ ವಿಚಿತ್ರ. ಹೊಸ ಹೊರೆ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಅಗೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಅಗೆಯುವ ಕೆಲಸ ಕೆಲವು ವಾರದಲ್ಲಿ ಮುಗಿಯುತ್ತದೆ, ತುಂಬುವ ಕೆಲಸಕ್ಕೆ ತಿಂಗಳುಗಳು. ನಮ್ಮ ರಸ್ತೆಗಳಿಗೆ ಪೈಪು ಹಾಕಲು ಅಗೆದಂತೆ ಅನ್ನಿ. ಅಗೆತ ಒಂದೇ ದಿನ, ಡಾಮರು ಬರುವುದು ಮುಂದಿನ ಮಳೆಗಾಲದ ಹೊತ್ತಿಗೆ. ಆ ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತ ಬಡಕಲಾಗಿರುತ್ತದೆ. ಆಗಲೇ ಹೊರೆ ಹೆಚ್ಚಿಸಿದರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ, ಪಾದದ ಎಲುಬಿನಲ್ಲಿ ಕೂದಲೆಳೆ ಬಿರುಕು ಮೂಡಬಹುದು.

ಈಗ ಎರಡೂ ಗಡಿಯಾರ ಪಕ್ಕಪಕ್ಕ ಇಟ್ಟು ನೋಡಿ. ಎರಡನೇ, ಮೂರನೇ ವಾರಕ್ಕೆ ಉಸಿರು ‘ನಾನು ರೆಡಿ’ ಅನ್ನುತ್ತದೆ. ಕಾಲು ಇನ್ನೂ ಸಾಮಾನು ಇಳಿಸುತ್ತಾ ಇರುತ್ತದೆ. ಬಿಟ್ಟು ಮರಳಿದವರಿಗೆ ಗಾಯ ಆಗುವುದು ಹೆಚ್ಚಾಗಿ ಈ ಸಂದಿಯಲ್ಲಿ. ಕಂಬಳದ ಕೋಣಗಳನ್ನೂ ಮಳೆಗಾಲ ಮುಗಿದ ಕೂಡಲೇ ಕರೆಗೆ, ಅಂದರೆ ಓಟದ ಕೆಸರುಗದ್ದೆಗೆ ಇಳಿಸಿ ಸ್ಪರ್ಧೆಗೆ ಬಿಡುವುದಿಲ್ಲ, ಮೊದಲು ಕುದಿ, ಅಂದರೆ ಅಭ್ಯಾಸದ ಓಟ ಓಡಿಸುತ್ತಾರೆ. ಕೋಣಕ್ಕೆ ಕೊಡುವಷ್ಟು ವ್ಯವಧಾನವನ್ನು ನಾವು ನಮ್ಮ ಕಾಲಿಗೆ ಕೊಡುವುದಿಲ್ಲ.

ನಾನೂ ಕೊಡಲಿಲ್ಲ. 154 ನೋಡಿದ ಮರುದಿನವೇ ಲೇಡಿಹಿಲ್ ಏರು ನಾಲ್ಕು ಸಲ ಓಡಿ ಹತ್ತಿದೆ, ‘ತಪ್ಪಿದ್ದನ್ನು ತುಂಬಿಸಿಕೊಳ್ಳಬೇಕು’ ಅಂತ. ಹಿಮ್ಮಡಿಯ ಹುರಿ ಮರುದಿನ ಬೆಳಿಗ್ಗೆ ಬಿಗಿದು ಹಿಡಿಯಿತು. ಬಚ್ಚಲಿಗೆ ಕುಂಟುತ್ತಾ ಹೋದೆ. ಐದು ದಿನದ ಪ್ಲಾನು ಅಲ್ಲಿಗೆ ನೆಗೆದುಬಿತ್ತು. ಬಿಟ್ಟ ದಿನಗಳನ್ನು ಸಾಲದ ಹಾಗೆ ಬಡ್ಡಿ ಸಮೇತ ತೀರಿಸಲು ಹೊರಟದ್ದೇ ನನ್ನ ತಪ್ಪು. ಒಮ್ಮೆ ತಪ್ಪಿದ ವಾರ ತಪ್ಪಿತು, ಅಷ್ಟೇ.

ಹೋಗಬೇಕಾ, ಬಿಡಬೇಕಾ

ಓಟದ ಲೋಕದಲ್ಲಿ ಒಂದು ಹಳೆಯ ನಿಯಮ ಇದೆ: ವಾರದ ಒಟ್ಟು ದೂರವನ್ನು 10%ಗಿಂತ ಜಾಸ್ತಿ ಏರಿಸಬೇಡ. ಎಲ್ಲರೂ ಹೇಳುತ್ತಾರೆ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಇದನ್ನು ಪರೀಕ್ಷಿಸಿದರು, 2008ರಲ್ಲಿ ಫಲಿತಾಂಶ ಬಂತು. ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ 13 ವಾರದ ನಿಧಾನ ಏರಿಕೆ, ಇನ್ನೊಂದಕ್ಕೆ 8 ವಾರದ ಚುರುಕು ಏರಿಕೆ ಕೊಟ್ಟರು. ಎರಡರಲ್ಲೂ ಗಾಯವಾದವರು ಸುಮಾರು ಐದರಲ್ಲಿ ಒಬ್ಬರು. ಫರಕ್ಕೇ ಇಲ್ಲ!

ಹಾಗಾದರೆ ಹೇಗೆ ಬೇಕಾದರೂ ಏರಿಸಬಹುದಾ? ಇಲ್ಲ. 2025ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ 5,000ಕ್ಕೂ ಹೆಚ್ಚು ಓಟಗಾರರ ವಾಚಿನ ದಾಖಲೆ ನೋಡಿದ ಒಂದು ಅಧ್ಯಯನ ಬಂತು. ಅದು ಬೇರೆ ಕಡೆ ಬೆರಳು ತೋರಿಸಿತು. ವಾರದ ಒಟ್ಟು ಮೊತ್ತಕ್ಕಿಂತ ಒಂದು ದಿನದ ಓಟ ಮುಖ್ಯ. ಕಳೆದ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಇವತ್ತಿನ ಓಟ 10% ಮೀರಿದರೆ ಗಾಯದ ಸಂಭವ ಏರುತ್ತದೆ. ಎರಡು ಪಟ್ಟು ಮೀರಿದರೆ ಸಂಭವವೂ ಎರಡು ಪಟ್ಟಿಗಿಂತ ಜಾಸ್ತಿ.

ನನ್ನಂಥವರಿಗೆ ಇದು ನೇರ ಮುಖಕ್ಕೆ ಹೇಳಿದ ಮಾತು. ಹಾಫ್ ಮ್ಯಾರಥಾನ್ ಅಂದರೆ 21.0975 ಕಿ.ಮೀ. 5 ಕಿ.ಮೀ.ಯಿಂದ ಶುರು ಮಾಡಿ ವಾರಕ್ಕೆ 10%ದಂತೆ ಏರಿಸಿದರೆ ಐದು ವಾರಕ್ಕೆ 8 ಮುಟ್ಟುತ್ತೇನೆ. ಆಗಸ್ಟಿನ 14 ಕಿ.ಮೀ. ಈ 30 ದಿನದ ಕಿಟಕಿಯಿಂದ ಆಚೆ ಹೋಗಿಬಿಟ್ಟಿದೆ. ಅಂದರೆ ನಿಯಮ ಪಾಲಿಸಿಕೊಂಡು ಈ ಓಟ ಓಡಲು ಸಾಧ್ಯವೇ ಇಲ್ಲ. ಓಡುವುದಾದರೆ ಸ್ವಲ್ಪ ಅಪಾಯ ಒಪ್ಪಿಕೊಂಡೇ ಓಡಬೇಕು, ಅದನ್ನು ಎಷ್ಟು ಕಡಿಮೆ ಮಾಡಬಹುದು ಅನ್ನುವುದಷ್ಟೇ ಪ್ರಶ್ನೆ.

ನಾನು ಹಾಕಿಕೊಂಡ ಭಾನುವಾರದ ಲೆಕ್ಕ 5, 8, 11, 15, ಆಮೇಲೆ ಓಟಕ್ಕೆ ಒಂದು ವಾರ ಇರುವಾಗ ಮತ್ತೆ 8. ನಡುವಿನ ದಿನಗಳಲ್ಲಿ ಎರಡೋ ಮೂರೋ ಸಣ್ಣ ಓಟ, ಅಷ್ಟೂ ಮಾತಾಡಿಕೊಂಡು ಓಡುವ ವೇಗದಲ್ಲಿ. ಉದ್ದದ ಓಟಗಳಲ್ಲಿ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. 11 ಆದ ಮೇಲೆ 15 ಅನ್ನುವುದು ದೊಡ್ಡ ಹಾರಾಟವೇ. ನಡಿಗೆ ಸೇರಿಸಿದ್ದಕ್ಕೆ ಧೈರ್ಯ ಮಾಡಿದೆ.

15 ಕಿ.ಮೀ.ಗೆ ಜಾಗ ಹುಡುಕುವುದೂ ಒಂದು ಕೆಲಸ. ಮಂಗಳೂರು ಅಂದರೆ ಕೆಂಪುಕಲ್ಲಿನ ಗುಡ್ಡಗಳ ಮೇಲೆ ಬೆಳೆದ ಊರು. ಬಿಜೈ, ಕದ್ರಿ, ಲೈಟ್‌ಹೌಸ್ ಹಿಲ್, ಎಲ್ಲಿಗೆ ಹೊರಟರೂ ಏರು ಇಳಿವು. ಹಿಮ್ಮಡಿ ಹಾಳು ಮಾಡಿಕೊಂಡವನಿಗೆ ಅದು ಬೇಡ. ಉಡುಪಿಯ ಗೆಳೆಯ ‘ಮಲ್ಪೆಗೆ ಬಾ ಮಾರಾಯ’ ಅಂದ. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ಮಟ್ಟು ಕಡೆಗೆ ಹೋಗುವ ರಸ್ತೆ ಅಂಗೈಯಷ್ಟು ಸಮ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವೆ ತೆಂಗಿನ ಸಾಲು, ಬಲೆ ಬಿಡಿಸುತ್ತಾ ಕೂತವರು. ಬೆಳಿಗ್ಗೆ 5.45ಕ್ಕೆ ಹೊರಟು ಏಳೂವರೆ ಕಿಲೋಮೀಟರ್ ಹೋಗಿ ವಾಪಸ್ ಬಂದೆವು. ನಾಯಿಗಳು ಮಾತ್ರ ಸ್ವಲ್ಪ ಕಿರಿಕಿರಿ.

ಹೋಗಬೇಕಾ ಬಿಡಬೇಕಾ ಅಂತ ತೀರ್ಮಾನಿಸಲು ಮಾಸ್ಟ್ರು ಕೊಟ್ಟ ಪರೀಕ್ಷೆ ಇದು: ಓಟಕ್ಕೆ ಎರಡು ವಾರ ಇರುವಾಗ ಓಡಿ, ನಡೆದು ಹೇಗಾದರೂ 14-15 ಕಿ.ಮೀ. ಮುಗಿಸಬೇಕು. ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯಬೇಕು. ಹತ್ತುವುದಲ್ಲ, ಇಳಿಯುವುದು. ಕೈಹಿಡಿ ಹಿಡಿಯದೆ, ಎರಡೂ ಕಾಲಿಗೆ ಸಮ ಭಾರ ಹಾಕಿ ಇಳಿಯಲು ಆದರೆ ಸರಿ. ಒಂದೇ ಕಾಲಿನಲ್ಲಿ ನೋವು, ಅಥವಾ ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು ಅಂದರೆ ಹೆಸರು ವಾಪಸ್ ತೆಗೆಯಬೇಕು. ಎರಡೂ ಕಡೆ ಸಮನಾಗಿ, ಸ್ನಾಯುವಿಡೀ ಹರಡಿಕೊಂಡ ನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ.

ಪರೀಕ್ಷೆಯಲ್ಲಿ ಫೇಲಾದರೆ 10 ಕಿ.ಮೀ.ಗೆ ಬದಲಿಸಿಕೊಡುತ್ತೀರಾ ಅಂತ ಆಯೋಜಕರನ್ನು ಕೇಳಿ ನೋಡಬಹುದು. ಕೆಲವರು ಬಿಡುತ್ತಾರೆ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ, ಪದಕ ಸ್ವಲ್ಪ ಚಿಕ್ಕದು ಅಷ್ಟೇ.

ಬೆವರು ಸುರಿದರೆ ಸಾಲದು, ಆರಬೇಕು

ಘಟ್ಟದ ಮೇಲಿನವರಿಗೆ ಅರ್ಥವಾಗದ ಒಂದು ಕಷ್ಟ ನಮಗಿದೆ. ಬೆವರು ದೇಹವನ್ನು ತಂಪು ಮಾಡುವುದು ಹರಿದಾಗ ಅಲ್ಲ, ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಒಯ್ಯುತ್ತದೆ. ಕಡಲ ತೀರದ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುವಾಗ ಬೆವರು ಆರುವುದೆಲ್ಲಿ? ಅಂಗಿಯಿಂದ ತೊಟ್ಟಿಕ್ಕುತ್ತದೆ, ಶೂ ಒಳಗೆ ಚಪಚಪ ಅನ್ನುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಣಿಯಲಿಲ್ಲ.

ಇದಕ್ಕೂ ದೇಹ ಒಗ್ಗಿಕೊಳ್ಳುತ್ತದೆ. ಸೆಕೆಯಲ್ಲಿ ಓಡುತ್ತಾ ಹೋದರೆ 10ರಿಂದ 14 ದಿನದಲ್ಲಿ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಪ್ಲಾಸ್ಮಾ ಏರುತ್ತದೆ. ಮೂರ್ನಾಲ್ಕು ವಾರ ಫ್ಯಾನಿನ ಕೆಳಗೆ ಮಲಗಿದರೆ ಈ ಪಾಠದ ಹೆಚ್ಚಿನ ಭಾಗ ಮರೆತುಹೋಗುತ್ತದೆ. ಮಂಗಳೂರಿನವನೇ ಆಗಿದ್ದರೂ ಸರಿ, ಮತ್ತೆ ಕಲಿಯಬೇಕು. ಹಾಗಾಗಿ ಕಡೆಯ ಎರಡು ವಾರ ಓಟದ ದಿನದ ಹೊತ್ತಿಗೇ ಓಡುವುದು ಒಳ್ಳೆಯದು. ನವೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ. ನಿಧಾನಕ್ಕೆ ಓಡುವವರ ಕಡೆಯ ಐದಾರು ಕಿಲೋಮೀಟರ್ ಬಿಸಿಲಿನಲ್ಲೇ ಮುಗಿಯಬೇಕು. ಟ್ರೆಡ್‌ಮಿಲ್ಲಿನಲ್ಲಿ, ಏಸಿ ಕೋಣೆಯಲ್ಲಿ ಓಡಿದ್ದು ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ನೀರಿನ ವಿಷಯದಲ್ಲಿ ಎರಡೂ ಕಡೆ ಜಾರಬಹುದು. ಕುಡಿಯದಿದ್ದರೆ ಸುಸ್ತು. ಸಿಕ್ಕ ಸಿಕ್ಕ ಟೇಬಲ್ಲಿನಲ್ಲಿ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಕೊಟ್ಟ 488 ಓಟಗಾರರಲ್ಲಿ 13% ಮಂದಿಗೆ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು, ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಹೆಚ್ಚು. ಅದು 42 ಕಿ.ಮೀ. ಓಟ ನಿಜ, ಆದರೆ ಹಾಫ್ ಅನ್ನು ಮೂರು ಗಂಟೆ ಓಡುವವರೂ ತುಂಬಾ ಹೊತ್ತು ರಸ್ತೆಯಲ್ಲೇ ಇರುತ್ತಾರೆ. ಬಾಯಾರಿದಾಗ ಕುಡಿಯಿರಿ, ನಡುವೆ ಒಮ್ಮೆ ಓ.ಆರ್.ಎಸ್. ಇರಲಿ. ಬೊಂಡ, ಅಂದರೆ ಎಳನೀರು, ನನಗೂ ಪ್ರಾಣ, ಆದರೆ ಅದರಲ್ಲಿ ಇರುವುದು ಹೆಚ್ಚಾಗಿ ಪೊಟಾಸಿಯಂ. ಬೆವರಿನಲ್ಲಿ ಹೋಗುವುದು ಸೋಡಿಯಂ. ಮುಗಿದ ಮೇಲೆ ಬೊಂಡ ಕುಡಿದು, ಮನೆಗೆ ಹೋಗಿ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ, ಮಾವಿನ ಮಿಡಿ ನೆಂಜಿಕೊಂಡು ಉಂಡರೆ ಲೆಕ್ಕ ಸರಿಹೋಗುತ್ತದೆ.

ಇಂಧನದ ಲೆಕ್ಕವೂ ಸರಳ. ಒಂದು ಕಿ.ಮೀ. ಓಡಲು ದೇಹತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ 1 ಕಿಲೋಕ್ಯಾಲರಿ ಬೇಕು. ನನ್ನ 72 ಕಿಲೋಗೆ ಪೂರ್ತಿ ಓಟಕ್ಕೆ 1,500ರ ಆಸುಪಾಸು. ಸ್ನಾಯು ಮತ್ತು ಲಿವರಿನಲ್ಲಿ ಸೇರಿಸಿಟ್ಟ ಗ್ಲೈಕೋಜೆನ್ 400ರಿಂದ 500 ಗ್ರಾಂ, ಅಂದರೆ 1,600-2,000 ಕಿಲೋಕ್ಯಾಲರಿ. ಜೊತೆಗೆ ಕೊಬ್ಬೂ ಉರಿಯುತ್ತದೆ. ಸಾಲಬೇಕು ಅಲ್ವಾ? ಪಳಗಿದವನಿಗೆ ಸಾಲುತ್ತದೆ. ಓಟ ಬಿಟ್ಟವನ ಸ್ನಾಯು ಗ್ಲೈಕೋಜೆನ್ ಕೂಡಿಡುವುದು ಕಡಿಮೆ, ಅದೇ ವೇಗಕ್ಕೆ ಉರಿಸುವುದು ಜಾಸ್ತಿ. ಅದಕ್ಕೇ ದಾರಿಯಲ್ಲಿ ಗಂಟೆಗೆ 30 ಗ್ರಾಂನಷ್ಟಾದರೂ ಸಿಹಿ ಹೊಟ್ಟೆಗೆ ಹೋಗಬೇಕು. ಒಂದು ಬಾಳೆಹಣ್ಣು, ಒಂದು ತುಂಡು ಬೆಲ್ಲ ಸಾಕು. ಓಟಗಾರರಿಗೆಂದೇ ಮಾರುವ ಸಿಹಿ ಜೆಲ್ಲುಗಳನ್ನು ಮೊದಲ ಸಲ ಓಟದ ದಿನವೇ ನುಂಗಬೇಡಿ. ಹಿಂದಿನ ರಾತ್ರಿ ಗೋಳಿಬಜೆಯೂ ಬೇಡ, ನಾನು ಅನುಭವಸ್ಥ.

ಗನ್ ಹಾರಿದ ಮೇಲೆ

ವೇಗ ಎಷ್ಟು ಇಟ್ಟುಕೊಳ್ಳಬೇಕು? ಪೀಟರ್ ರೀಗಲ್ ಎನ್ನುವ ಎಂಜಿನಿಯರ್ 1970ರ ದಶಕದಲ್ಲಿ ಒಂದು ಸೂತ್ರ ಕೊಟ್ಟರು. ದೂರ ಎಷ್ಟು ಪಟ್ಟು ಹೆಚ್ಚಿತೋ ಅದನ್ನು 1.06ರ ಘಾತಕ್ಕೆ ಏರಿಸಿ ಹಳೆಯ ಸಮಯಕ್ಕೆ ಗುಣಿಸುವುದು. 10 ಕಿ.ಮೀ. 60 ನಿಮಿಷ ಓಡುವವನು ಹಾಫ್ ಅನ್ನು 2 ಗಂಟೆ 12 ನಿಮಿಷಕ್ಕೆ ಮುಗಿಸಬೇಕು ಅಂತ ಅದು ಹೇಳುತ್ತದೆ. ಈಗ ಎಷ್ಟೋ ಆ್ಯಪುಗಳು ಇಂಥ ಭವಿಷ್ಯ ಹೇಳುತ್ತವೆ. ಆ ಉದ್ದಕ್ಕೆ ತಕ್ಕ ತಯಾರಿ ಆಗಿದೆ ಅಂತ ಸೂತ್ರ ನಂಬಿಕೊಂಡಿರುತ್ತದೆ. 26 ದಿನ ಮಲಗಿದವನ ಮಟ್ಟಿಗೆ ಅದು ಪಂಚಾಂಗ ನೋಡಿ ಮಳೆ ಹೇಳಿದಂತೆ.

ನಾನು ಇಟ್ಟುಕೊಂಡದ್ದು ನಡಿಗೆ ಬೆರೆಸಿದ ಓಟ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಇದನ್ನು ಜನಪ್ರಿಯ ಮಾಡಿದರು. ‘ಸುಸ್ತಾದಾಗ ನಡೆಯುವುದು ತಾನೇ’ ಅಂತ ಇದನ್ನು ತಪ್ಪು ತಿಳಿಯುತ್ತಾರೆ. ಸುಸ್ತಾಗುವ ಮೊದಲೇ, ಮೊದಲ ಕಿಲೋಮೀಟರಿನಿಂದಲೇ ನಡೆಯಬೇಕು. ಆಗ ಮೀನಖಂಡ, ಹಿಮ್ಮಡಿಗೆ ಆಗಾಗ ಬಿಡುವು ಸಿಗುತ್ತದೆ. ಕಳೆದುಕೊಳ್ಳುವುದೂ ನಾವು ಹೆದರಿದಷ್ಟಿಲ್ಲ. ಲೆಕ್ಕ ಹಾಕಿ ನೋಡಿ: ಕಿ.ಮೀ.ಗೆ 7 ನಿಮಿಷದಂತೆ ಒಂದೇ ಸಮ ಓಡಿದರೆ 2 ಗಂಟೆ 28 ನಿಮಿಷ. ನಾಲ್ಕು ನಿಮಿಷ ಅದೇ ವೇಗದ ಓಟ, ಒಂದು ನಿಮಿಷ ಚುರುಕು ನಡಿಗೆ ಅಂದರೆ 2 ಗಂಟೆ 39. ಬರೀ 11-12 ನಿಮಿಷದ ವ್ಯತ್ಯಾಸ. ಕಟ್-ಆಫ್ ಸಮಯ, ಅಂದರೆ ಓಟ ಮುಗಿಸಲು ಕೊಟ್ಟ ಗಡುವು, ಎಷ್ಟು ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಮೂರು ಗಂಟೆ ಇದ್ದರೆ ಕಿ.ಮೀ.ಗೆ ಎಂಟೂವರೆ ನಿಮಿಷದೊಳಗೆ ಸಾಗಬೇಕು.

ಕಷ್ಟ ಏನೆಂದರೆ ಮೊದಲ ಐದು ಕಿಲೋಮೀಟರ್ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ. ಚೆಂಡೆ ಬಡಿಯುತ್ತಿರುತ್ತದೆ, ಉಸಿರು ಹಗುರ. ಓಟಕ್ಕೆ ಮೊದಲ ವಾರದ ವಿಶ್ರಾಂತಿಯಿಂದ ಕಾಲು ಕೂಡ ಪುಟಿಯುತ್ತಿರುತ್ತದೆ. ನಾಲ್ಕನೇ ನಿಮಿಷಕ್ಕೆ ನಾನು ನಡೆಯತೊಡಗಿದಾಗ ಕಾಲೇಜು ಹುಡುಗನೊಬ್ಬ ಬೆನ್ನು ತಟ್ಟಿ, ‘ಅಂಕಲ್, ಕಮಾನ್’ ಅಂದು ಹಾರಿಹೋದ. ಅವನನ್ನು 16ನೇ ಕಿಲೋಮೀಟರಿನಲ್ಲಿ ಕಂಡೆ, ಕಟ್ಟೆಯ ಮೇಲೆ ಕೂತು ತೊಡೆ ಉಜ್ಜಿಕೊಳ್ಳುತ್ತಿದ್ದ. ಖುಷಿಪಡಬಾರದು, ಆದರೂ ಸ್ವಲ್ಪ ಪಟ್ಟೆ.

ಏರಿಗಿಂತ ಇಳಿಜಾರಿನ ಬಗ್ಗೆ ಎಚ್ಚರ ಬೇಕು. ಏರಿನಲ್ಲಿ ಉಸಿರು ಕಟ್ಟಿ ನಾವೇ ನಿಧಾನ ಮಾಡುತ್ತೇವೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಸ್ನಾಯುವಿನ ಎಳೆಗಳು ಹೆಚ್ಚು ಹರಿಯುವುದು ಈ ಕೆಲಸದಲ್ಲೇ, ಅದರ ನೋವು ಒಂದೆರಡು ದಿನ ಬಿಟ್ಟು ಏರುತ್ತದೆ. ಓಟ ಬಿಟ್ಟವರು ಕಳೆದುಕೊಳ್ಳುವ ಅಭ್ಯಾಸಗಳಲ್ಲಿ ಇದೂ ಒಂದು. ಇಳಿಜಾರಿನಲ್ಲಿ ‘ಫ್ರೀ ಸಿಕ್ಕಿತು’ ಅಂತ ಹಾರದೆ, ಸಣ್ಣ ಸಣ್ಣ ಹೆಜ್ಜೆ ಇಟ್ಟೆ. ನೋವಿನ ಮಾತ್ರೆ ನುಂಗಿ ಓಡುವವರೂ ಇದ್ದಾರೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಕಿಡ್ನಿಗೆ ಹೊರೆ. ಮೇಲಾಗಿ ಕಾಲು ಹೇಳುವ ಒಂದೇ ಒಂದು ಮಾತನ್ನೂ ಮುಚ್ಚಿಹಾಕುತ್ತವೆ.

17ರ ನಂತರ ನನ್ನ ಲೆಕ್ಕ ತಪ್ಪಿತು. ನಾಲ್ಕು-ಒಂದು ಇದ್ದದ್ದು ಮೂರು-ಒಂದಾಯಿತು, ಕಡೆಗೆ ಎರಡು-ಒಂದು. 15ರ ಆಚೆಗಿನ ದೂರವನ್ನು ಕಾಲು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ, ಕಾಣದ ಜಾಗದಲ್ಲಿ ಅದು ಗೊಣಗಿತು. ಎದೆಬಡಿತ ಮಾತ್ರ 158ರಲ್ಲಿ ಆರಾಮಾಗಿ ಇತ್ತು. ಫೋನಿನಲ್ಲಿ ಮಾಸ್ಟ್ರು ಹೇಳಿದ್ದು ಇದನ್ನೇ ಅಂತ ಅಲ್ಲಿ ಹೊಳೆಯಿತು. ಮುಗಿಸುವಾಗ 2 ಗಂಟೆ 44 ನಿಮಿಷ. ಕ್ಯಾಲೆಂಡರಿನಲ್ಲಿ 21.1 ಅಂತ ಬರೆದು, ಮುಂದಿನ ಏಳು ದಿನದ ಮೇಲೆ ಒಂದು ಅಡ್ಡಗೆರೆ ಎಳೆದೆ. ಆ ವಾರ ನಡಿಗೆ ಮಾತ್ರ.

ಮರುದಿನ ಬೆಳಿಗ್ಗೆ ಮಾಸ್ಟ್ರ ಫೋನ್ ಬಂತು. ಎಷ್ಟು ಹೊತ್ತಾಯಿತು, ಎಷ್ಟನೇ ಸ್ಥಾನ ಅಂತ ಕೇಳಲಿಲ್ಲ.

‘ಮೆಟ್ಟಿಲು ಇಳ್ದ್ಯಾ?’

‘ಇಳ್ದೆ ಮಾಸ್ಟ್ರೆ. ಕೈಹಿಡಿ ಹಿಡ್ಕೊಂಡು.’

‘ಎರಡೂ ಕಾಲು ನೋವುಂಟಾ?’

‘ಎರಡೂ.’

‘ಹಾಗಾದ್ರೆ ತೊಂದ್ರೆ ಇಲ್ಲ’ ಅಂದು ಇಟ್ಟುಬಿಟ್ಟರು.